ನಾವು ಬಿಸಿಯೂಟದವರು ಸಂಘ ಕಟ್ಟಿದ್ದು ಹೀಗೆ

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಅಡುಗೆಯವಳು. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಕಡೆಯ ಏಳು ಜಿಲ್ಲೆಗಳಲ್ಲೇ. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹಿಂದಿನ ವರ್ಷ ಹೇಳಿತ್ತಂತೆ. ಅದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಗಂಡ ತೀರಿಕೊಂಡಿದ್ದ, ಮಕ್ಕಳು ಸಣ್ಣವು, ಹೊಲದ ಕೂಲಿ ವರ್ಷವಿಡೀ ಸಿಗುತ್ತಿರಲಿಲ್ಲ. ಅಡುಗೆಗೆ ಜನ ಬೇಕಂತೆ ಅಂದರು, ಹೋದೆ.

ಮೊದಲ ಹತ್ತು ವರ್ಷ ನಾವು ಬಾಯಿ ಬಿಡಲಿಲ್ಲ. ಕೈಗೆ ಬರುವ ಹಣಕ್ಕೆ ಸಂಬಳ ಅನ್ನುವ ಹೆಸರೇ ಇರಲಿಲ್ಲ, ಅದು ಗೌರವಧನ. 2009ರ ಡಿಸೆಂಬರ್‌ನಿಂದ ಕೇಂದ್ರ ಗೊತ್ತು ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ರಾಜ್ಯ ಸರ್ಕಾರ ಆಮೇಲೆ ತನ್ನ ಪಾಲನ್ನು ಒಂದಿಷ್ಟು ಏರಿಸುತ್ತ ಬಂದಿದೆ, ಪ್ರತಿ ಸಲವೂ ನಾವು ಬೀದಿಗೆ ಇಳಿದ ಮೇಲೆ. ಕೇಂದ್ರ ತನ್ನ ಆ 1,000ದ ಲೆಕ್ಕವನ್ನು ಒಂದು ದಶಕ ಕಳೆದರೂ ಮುಟ್ಟಲಿಲ್ಲ.

ನಮ್ಮನ್ನು ಎಬ್ಬಿಸಿದ್ದು ಹಾಲು. 2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಬಂತು. ಮಕ್ಕಳಿಗೆ ಹಾಲು ಸಿಕ್ಕಿದ್ದು ನಮಗೂ ಸಂತೋಷವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲಿನ ಪುಡಿ ಕಲಸಿ, ಕಾಯಿಸಿ, ಲೋಟ ತೊಳೆಯಲು ನಾವು ಬೆಳಿಗ್ಗೆ ಎಂಟೂವರೆಗೇ ಶಾಲೆಯಲ್ಲಿರಬೇಕಾಯಿತು. ಅದಕ್ಕೆ ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಆ ತಿಂಗಳು ಪಕ್ಕದ ಊರಿನ ಅಡುಗೆಯಾಕೆ ನನ್ನನ್ನು ಸಿಐಟಿಯು ಎಂಬ ಕಾರ್ಮಿಕ ಸಂಘಟನೆಗೆ ಸೇರಿದ ಅಕ್ಷರ ದಾಸೋಹ ನೌಕರರ ಸಂಘದ ಸಭೆಗೆ ಕರೆದುಕೊಂಡು ಹೋದಳು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯಲ್ಲಿ ನಡೆದ, ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂಡುವ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ನಮ್ಮಂಥವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿದೆ ಎಂದು ಅಲ್ಲಿ ಹೇಳಿದರು. ಕಾರ್ಮಿಕರು! ಮನೆಗೆ ಬಂದ ಮೇಲೂ ಆ ಮಾತು ಕಿವಿಯಲ್ಲೇ ಇತ್ತು.

ಸಂಘ ಕಟ್ಟುವುದು ಕಾರ್ಖಾನೆಯಲ್ಲಿ ಹೇಗೋ ನಾನರಿಯೆ. ನಮ್ಮದು ಬೇರೆ. ಒಂದು ಶಾಲೆಯಲ್ಲಿ ಇಬ್ಬರು, ಇನ್ನೊಂದರಲ್ಲಿ ಮೂವರು, ನಡುವೆ ಐದಾರು ಕಿಲೋಮೀಟರ್. ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಮೂರು ಗಂಟೆ. ಅಲ್ಲಿಂದ ಮನೆಗೆಲಸ ಶುರುವಾಗುವವರೆಗಿನ ಒಂದು ತಾಸೇ ನನಗೆ ಸಿಗುತ್ತಿದ್ದದ್ದು. ಆ ಹೊತ್ತಿನಲ್ಲಿ ಒಬ್ಬೊಬ್ಬರ ಕಟ್ಟೆಗೆ ಹೋಗಿ ಕೂತೆ. "ಯಕ್ಕಾ, ಹೆಸರು ಬರಸಿದ್ರ ನಾಳೆಯಿಂದ ಬರಬ್ಯಾಡ ಅಂತಾರ, ಆಮ್ಯಾಲೆ ಏನ್ ಮಾಡೂಣು?" ಎಲ್ಲರದೂ ಇದೇ ಪ್ರಶ್ನೆ. ಇದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ನೇಮಕಾತಿ ಪತ್ರ ನನಗೂ ಇರಲಿಲ್ಲ.

ಹಾಗಾಗಿ ಸದಸ್ಯತ್ವದ ಮಾತು ಬದಿಗಿಟ್ಟು ಒಂದೇ ಕೆಲಸ ಕೇಳಿದೆ: ಒಂದು ನೋಟ್‌ಬುಕ್ ಇಡಿ. ಎಷ್ಟಕ್ಕೆ ಬಂದಿರಿ, ಎಷ್ಟಕ್ಕೆ ಹೋದಿರಿ, ಎಷ್ಟು ಮಕ್ಕಳು ಉಂಡವು, ಗೌರವಧನ ಯಾವ ತಾರೀಕಿಗೆ ಬಂತು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿದರು. ಐದನೇ ತರಗತಿಯವರೆಗೆ ತಲೆಗೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ ಅಕ್ಕಿ. 120 ಸಣ್ಣ ಬಟ್ಟಲು, 80 ದೊಡ್ಡ ಬಟ್ಟಲು ಅಂತ ಲೆಕ್ಕ ಹಿಡಿದರೆ ನಮ್ಮ ಶಾಲೆಗೆ ದಿನಕ್ಕೆ ಸುಮಾರು 24 ಕಿಲೋ. ಅದನ್ನು ಇಳಿಸಿ ಗಂಜಿ ಬಸಿಯುವಾಗ ಸೊಂಟ ಏನಾಗುತ್ತದೆ ಎಂಬುದಕ್ಕೆ ಮಾತ್ರ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಮೂರು ತಿಂಗಳ ಮೇಲೆ ಮೂವತ್ತು ನೋಟ್‌ಬುಕ್ ಹಿಡಿದು ತಾಲ್ಲೂಕಿನ ಕಚೇರಿಗೆ ಹೋದೆವು. "ನಿಮ್ಮದು ನಾಲ್ಕು ತಾಸಿನ ಕೆಲಸ ಅಲ್ಲೇನಮ್ಮಾ?" ಅಂದರು ಅಲ್ಲಿನ ಅಧಿಕಾರಿ. ಆರೂವರೆ ತಾಸು ಅಂತ ಪುಟ ತೆಗೆದು ತೋರಿಸಿದೆವು. ಅವತ್ತು ಬಾಕಿ ಬಿದ್ದಿದ್ದ ಮೂರು ತಿಂಗಳ ಗೌರವಧನದ ಮನವಿಗೆ ಸೀಲು ಹಾಕಿಸಿಕೊಂಡೇ ಬಂದೆವು. ಸ್ವೀಕೃತಿಯ ಸೀಲಿಲ್ಲದ ಮನವಿ ಕೊಡದೇ ಇದ್ದಂತೆಯೇ, ಇದನ್ನು ಮೊದಲ ಎರಡು ಸಲ ಬರಿಗೈಲಿ ಬಂದ ಮೇಲೆ ಕಲಿತೆವು.

ಇದಕ್ಕಿಂತ ಕಷ್ಟದ್ದು ನಮ್ಮೊಳಗೇ ಇತ್ತು. ಮೊದಲ ಸಭೆಗೆ ಬಂದ ಹೆಣ್ಣುಮಕ್ಕಳು ಜಾತಿ ಜಾತಿಯಾಗಿ ಬೇರೆ ಬೇರೆ ಕೂತರು. ಕೆಲವು ಶಾಲೆಗಳಲ್ಲಿ ದಲಿತ ಅಡುಗೆಯವಳನ್ನು ಪಾತ್ರೆ ತೊಳೆಯಲಿಕ್ಕಷ್ಟೇ ಇಟ್ಟಿದ್ದರು, ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅದನ್ನು ಮಾತಾಡದೆ ಸಂಬಳದ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಮುಂದಿನ ಸಭೆಗೆ ಒಂದು ಕಟ್ಟು ಮಾಡಿದೆ: ಎಲ್ಲರೂ ಬುತ್ತಿ ತರಬೇಕು, ಎಲ್ಲ ಗಂಟು ಒಂದೇ ಚಾಪೆ ಮೇಲೆ ಬಿಚ್ಚಬೇಕು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಯಾರದು ಯಾರದೆಂದು ತಿಳಿಯದ ಹಾಗೆ ಬೆರೆತವು. ಇಬ್ಬರು ಉಣ್ಣದೆ ಎದ್ದು ಹೋದರು. ಅವರಲ್ಲಿ ಒಬ್ಬಳು ಆರು ತಿಂಗಳ ಮೇಲೆ ವಾಪಸು ಬಂದಳು, ಇನ್ನೊಬ್ಬಳು ಬರಲೇ ಇಲ್ಲ. ಆ ಕಟ್ಟನ್ನು ಸಡಿಲ ಮಾಡಿದ್ದರೆ ಸದಸ್ಯರು ಹೆಚ್ಚಾಗುತ್ತಿದ್ದರೇನೋ. ಮಾಡಲಿಲ್ಲ.

ಒಂದು ಜೂನ್‌ನಲ್ಲಿ ನಮ್ಮ ಶಾಲೆಯ ದಾಖಲಾತಿ 204ರಿಂದ 197ಕ್ಕೆ ಇಳಿಯಿತು. 26ರಿಂದ ನೂರು ಮಕ್ಕಳವರೆಗೆ ಇಬ್ಬರು ಅಡುಗೆಯವರು, ಮುಂದೆ ಪ್ರತಿ ನೂರಕ್ಕೆ, ನೂರು ತುಂಬದಿದ್ದರೂ, ಇನ್ನೊಬ್ಬರು ಅನ್ನುವುದು ನಿಯಮ. ಹಾಗಾಗಿ ನಾಲ್ವರಲ್ಲಿ ಒಬ್ಬಳಿಗೆ ನಾಳೆಯಿಂದ ಬರಬೇಡ ಅಂದರು, ಬಾಯಿಮಾತಲ್ಲೇ. ನಾವು ಎರಡು ದಿನ ಮನೆ ಮನೆ ತಿರುಗಿದೆವು. ದುಡಿಯಲು ಬೆಂಗಳೂರಿಗೆ ಗುಳೆ ಹೋದವರ ಮಕ್ಕಳು ಇನ್ನೂ ಊರಿಗೆ ಬಂದಿರಲಿಲ್ಲ, ಅಷ್ಟೇ. ಜುಲೈ ಹೊತ್ತಿಗೆ 206 ಆಯಿತು. ಹಾಜರಿ ಪುಸ್ತಕದ ನಕಲು ಹಚ್ಚಿ ಬರೆದ ಅರ್ಜಿಗೆ ಅವಳು ಮರಳಿ ಕೆಲಸಕ್ಕೆ ಬಂದಳು. ಈಗ ನಮ್ಮ ತಾಲ್ಲೂಕಿನಲ್ಲಿ ಜುಲೈ ಲೆಕ್ಕ ನೋಡದೆ ಯಾರನ್ನೂ ತೆಗೆಯಲು ನಾವು ಬಿಡುವುದಿಲ್ಲ.

ಧರಣಿಗೆಂದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಎಷ್ಟು ಸಲ ಹೋದೆವೋ ಎಣಿಸಿಲ್ಲ. ಡಾಂಬರಿನ ಮೇಲೆ ಮಲಗಿದ ಒಂದು ರಾತ್ರಿ, ಅಲಹಾಬಾದ್ ಹೈಕೋರ್ಟಿನ 2020ರ ತೀರ್ಪನ್ನು ಒಬ್ಬರು ಕನ್ನಡದಲ್ಲಿ ವಿವರಿಸಿದರು. ಅಡುಗೆಯಾಕೆಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಕೋರ್ಟು ಹೇಳಿತ್ತು. ನನ್ನ ಪಕ್ಕದಲ್ಲಿದ್ದಾಕೆ ಇನ್ನೊಮ್ಮೆ ಹೇಳ್ರಿ ಅಂತ ಎದ್ದು ಕೂತಳು.

ಆಕೆಗೆ ನನಗಿಂತ ವಯಸ್ಸು ಹೆಚ್ಚು. 2022ರಲ್ಲಿ 60 ದಾಟಿದವರನ್ನು ಬಿಡಿಸಿದಾಗ ಆಕೆಯೂ ಹೋದಳು, ಸುಮಾರು ಇಪ್ಪತ್ತು ವರ್ಷ ಒಲೆ ಮುಂದೆ ನಿಂತು ಬರಿಗೈಲಿ. ಅದನ್ನು ತಡೆಯಲು ನಮ್ಮಿಂದ ಆಗಲಿಲ್ಲ. ಹಾಗೆ ಹೋದವರಿಗೆ ಇಡಿಗಂಟು ಕೊಡಿ ಎಂಬುದು ಆಮೇಲೆ ನಮ್ಮ ಪ್ರತಿ ಮನವಿಯ ಮೊದಲ ಸಾಲಾಯಿತು. ಆಕೆ ಸಭೆ ತಪ್ಪಿಸುವುದಿಲ್ಲ. ಬುತ್ತಿ ತರುತ್ತಾಳೆ, ಮನವಿಯ ಕೆಳಗೆ ಮೊದಲ ಹೆಬ್ಬೆಟ್ಟು ತಾನೇ ಒತ್ತುತ್ತಾಳೆ.