ಪಿಸಿವಿ ಏರಿತು, ಫೆರಿಟಿನ್ ಇಳಿಯಿತು: ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿ ನನ್ನ ಅನುಭವ

ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿರುವವರು ರಿಪೋರ್ಟ್ ಕೈಗೆ ಬಂದ ಕೂಡಲೇ ಟೆಸ್ಟೋಸ್ಟೆರಾನ್ ಎಷ್ಟಿದೆ ಅಂತ ಹುಡುಕುತ್ತಾರೆ. ನಾನು ಮೊದಲು ನೋಡುವುದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅನ್ನುವುದು. ಆಮೇಲೆ ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅನ್ನುವುದು. ಈ ಎರಡನ್ನೂ ಜೊತೆಯಲ್ಲೇ ನೋಡಬೇಕು. ಇಲ್ಲದಿದ್ದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತದೆ.

ನನಗಿರುವುದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಜಾಸ್ತಿ, ಅದರಿಂದ ಟೆಸ್ಟೋಸ್ಟೆರಾನ್ ಕಡಿಮೆ. ಮದುವೆಯಾಗಿ ಮಕ್ಕಳಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಇದು ಅಪರೂಪದ್ದೇನಲ್ಲ. ಸುಮಾರು 600 ಗಂಡಸರಲ್ಲಿ ಒಬ್ಬರಿಗೆ ಇರುತ್ತದೆ, ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಆಗ ನನ್ನ ಹಿಮೋಗ್ಲೋಬಿನ್ 12.6, ಪಿಸಿವಿ 38. ಫೆರಿಟಿನ್ ಚೆನ್ನಾಗಿತ್ತು. ಕಬ್ಬಿಣಾಂಶ ಸಾಕಷ್ಟಿದ್ದರೂ ರಕ್ತ ಕಡಿಮೆ. ಟೆಸ್ಟೋಸ್ಟೆರಾನ್ ಕಡಿಮೆಯಿದ್ದರೆ ಹೀಗಾಗುತ್ತದೆ ಅಂತ ಡಾಕ್ಟರ್ ವಿವರಿಸಿದರು. ಅಂಥ ರಕ್ತಹೀನತೆಗೆ ಸುಮ್ನೆ ಐರನ್ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ.

ಶುರುವಾದದ್ದು 250 ಮಿಲಿಗ್ರಾಂ ಇಂಜೆಕ್ಷನ್, ಮೂರು ವಾರಕ್ಕೊಂದು. ಮೊದಲ ವಾರ ಹುರುಪು, ಮೂರನೇ ವಾರ ಪೂರ್ತಿ ಸುಸ್ತು. ಹಾಗಾಗಿ ಎರಡು ವಾರಕ್ಕೊಂದು ಮಾಡಿದರು. ಹಿಮೋಗ್ಲೋಬಿನ್ ಚೆನ್ನಾಗಿ ಏರಿತು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಪಿಸಿವಿ 50 ದಾಟಿ 53.4ಕ್ಕೆ ಹೋಯಿತು.

ಕಾರಣ ಹೀಗಿದೆ. ಟೆಸ್ಟೋಸ್ಟೆರಾನ್ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಹೆಪ್ಸಿಡಿನ್ ಎಂಬುದನ್ನು ಇಳಿಸುತ್ತದೆ. ಮೊದಲನೆಯದು ಮೂಳೆಮಜ್ಜೆಗೆ ಕೆಂಪು ಕಣ ಮಾಡು ಅನ್ನುತ್ತದೆ. ಎರಡನೆಯದು ಕಬ್ಬಿಣಾಂಶವನ್ನು ತಡೆದಿಡುವ ಹಾರ್ಮೋನು. ಅದು ಇಳಿದರೆ ದಾಸ್ತಾನು ಬಿಚ್ಚಿಕೊಳ್ಳುತ್ತದೆ. ಕಣಜದಲ್ಲಿದ್ದ ಕಾಳೆಲ್ಲ ಹೊಲಕ್ಕೆ ಬಿತ್ತನೆಗೆ ಹೋದ ಹಾಗೆ. ಬೆಳೆ ಹುಲುಸಾಗಿ ಕಾಣುತ್ತದೆ, ಕಣಜ ಖಾಲಿಯಾಗುತ್ತಿರುತ್ತದೆ. ಆ ಕಣಜವನ್ನು ತೋರಿಸುವುದೇ ಫೆರಿಟಿನ್.

ಪಿಸಿವಿ 54 ದಾಟಿದರೆ ಚಿಕಿತ್ಸೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ಶುರುಮಾಡಿ ಅಂತ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ. ನಾನು 54ರ ತನಕ ಕಾಯಲು ತಯಾರಿರಲಿಲ್ಲ. ಪಿಸಿವಿ ಏರಿದಷ್ಟೂ ರಕ್ತ ಮಂದವಾಗುತ್ತದೆ. ಕ್ಲೈನ್‌ಫೆಲ್ಟರ್ ಇರುವವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಗಂಡಸರಿದ್ದರು. ಟೆಸ್ಟೋಸ್ಟೆರಾನ್ ತಗೊಂಡವರಲ್ಲಿ ಹೃದಯಾಘಾತ, ಸ್ಟ್ರೋಕ್ ಹೆಚ್ಚಾಗಲಿಲ್ಲ. ಆದರೆ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಕೂರುವುದು ಸ್ವಲ್ಪ ಜಾಸ್ತಿ ಕಂಡಿತು. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಎದೆನೋವು: ಇವು ಬಂದರೆ ಲ್ಯಾಬಿಗಲ್ಲ, ನೇರ ಎಮರ್ಜೆನ್ಸಿಗೆ ಹೋಗಬೇಕು. ಇದನ್ನು ಮನೆಯವರಿಗೂ ಹೇಳಿಟ್ಟಿದ್ದೇನೆ.

ಆಗ ಸುಲಭವಾಗಿ ಕಂಡ ದಾರಿ ರಕ್ತ ತೆಗೆಸುವುದು. ಡಾಕ್ಟರ್ ಚೀಟಿ ಕೊಟ್ಟರು, ರಕ್ತನಿಧಿಯಲ್ಲಿ 350 ಎಂಎಲ್ ತೆಗೆದರು. ಪಿಸಿವಿ ಇಳಿಯಿತು. ಕೆಲವು ತಿಂಗಳಲ್ಲಿ ಮತ್ತೆ ಏರಿತು, ಮತ್ತೆ ತೆಗೆಸಿದೆ. ಹೀಗೇ ನಡೆಯಿತು. ಡೋಸ್ ಮಾತ್ರ ಹಾಗೇ ಇತ್ತು.

ಒಂದು ಲೆಕ್ಕ ಹೇಳುತ್ತೇನೆ. ಹಿಮೋಗ್ಲೋಬಿನ್ 17 ಇರುವವರ 350 ಎಂಎಲ್ ರಕ್ತದಲ್ಲಿ ಹತ್ತಿರ ಹತ್ತಿರ 200 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಊಟದಿಂದ ದಿನಕ್ಕೆ ದೇಹಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ. ಅದರಲ್ಲೂ ಸುಮಾರು ಒಂದು ಮಿಲಿಗ್ರಾಂ ದಿನವೂ ಹಾಗೇ ಕಳೆದುಹೋಗುತ್ತದೆ. ಹೀಗಿರುವಾಗ ಮೂರು ಮೂರು ತಿಂಗಳಿಗೆ ರಕ್ತ ತೆಗೆದರೆ ದಾಸ್ತಾನು ತುಂಬುವುದು ಎಲ್ಲಿಂದ?

ನನಗೆ ಮತ್ತೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ರಾತ್ರಿ ಮಲಗಿದರೆ ಕಾಲು ಸುಮ್ಮನಿರುತ್ತಿರಲಿಲ್ಲ. ಟೆಸ್ಟೋಸ್ಟೆರಾನ್ ಕಡಿಮೆಯಾದಾಗಲೂ ಸುಸ್ತೇ ಅಲ್ವಾ? ಇದೇ ಚಿಕಿತ್ಸೆಯಲ್ಲಿರುವ ಗೆಳೆಯರೊಬ್ಬರು ಡೋಸ್ ಸಾಲುತ್ತಿಲ್ಲ, ಏರಿಸಿಕೊಳ್ಳಿ ಅಂದರು. ಈ ತಿರುವಿನಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸುಸ್ತು ಅಂತ ಡೋಸ್ ಏರಿಸುವುದು, ಪಿಸಿವಿ ಏರಿತು ಅಂತ ರಕ್ತ ತೆಗೆಸುವುದು, ಕಬ್ಬಿಣಾಂಶ ಇಳಿದು ಮತ್ತೆ ಸುಸ್ತು.

ನಾನು ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಎಂಸಿವಿ, ಅಂದರೆ ಕೆಂಪು ಕಣದ ಗಾತ್ರ, 88ರಿಂದ 76ಕ್ಕೆ ಇಳಿದಿತ್ತು. ಆರ್‌ಡಿಡಬ್ಲ್ಯೂ, ಅಂದರೆ ಕಣಗಳ ಗಾತ್ರದಲ್ಲಿನ ಏರುಪೇರು, ಏರಿತ್ತು. ಕೆಂಪು ಕಣಗಳ ಸಂಖ್ಯೆ ಮಾತ್ರ ಜಾಸ್ತಿ. ಹಿಮೋಗ್ಲೋಬಿನ್ ಚೆನ್ನಾಗಿರುವುದರಿಂದ ಕಬ್ಬಿಣಾಂಶದ ಕೊರತೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಕಣ ಚಿಕ್ಕದು, ಸಂಖ್ಯೆ ಜಾಸ್ತಿ ಅಂದರೆ ತಲಸ್ಸೇಮಿಯಾ ಮೈನರ್ ಎಂಬ ರಕ್ತದ ತೊಂದರೆ ಕೂಡ ಇರಬಹುದು. ಆದರೆ ಅದು ಹುಟ್ಟಿನಿಂದ ಬರುವಂಥದ್ದು, ಚಿಕಿತ್ಸೆಗೆ ಮುಂಚಿನ ನನ್ನ ಎಂಸಿವಿ ಸರಿಯಿತ್ತು. ಹಳೆಯ ರಿಪೋರ್ಟು ಎಸೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ. ಫೆರಿಟಿನ್ ಮಾಡಿಸಿದರೆ 11. ಮೂವತ್ತಕ್ಕಿಂತ ಕೆಳಗಿದ್ದರೇ ಕೊರತೆ ಅಂತ ಹೇಳುತ್ತಾರೆ.

ಡಾಕ್ಟರ್ ಹತ್ತಿರ ಎಲ್ಲ ರಿಪೋರ್ಟು ಹರಡಿಕೊಂಡು ಕೂತೆವು. ನಮ್ಮ ಮನೆಯವರೂ ಬಂದಿದ್ದರು. "ಡಾಕ್ಟ್ರೇ, ಇವರು ರಾತ್ರಿ ಗೊರಕೆ ಹೊಡೀತಾರೆ, ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ ಆಮ್ಲಜನಕ ಇಳಿಯುತ್ತದೆ, ಅದರಿಂದಲೂ ಪಿಸಿವಿ ಏರುತ್ತದೆ. ಸ್ಲೀಪ್ ಸ್ಟಡಿ ಮಾಡಿಸಿದೆವು, ನನಗೆ ಅದಿರಲಿಲ್ಲ. ಬೀಡಿ ಸಿಗರೇಟು ಸೇದುವವರಾದರೆ ಅದೂ ಒಂದು ಕಾರಣ.

ಕೊನೆಗೆ ತೀರ್ಮಾನವಾದದ್ದು: ಮೊದಲು ಡೋಸ್, ಆಮೇಲೆ ಐರನ್. ಈ ಕ್ರಮ ಮುಖ್ಯ. ಪಿಸಿವಿ 53 ಇರುವಾಗಲೇ ಐರನ್ ಮಾತ್ರೆ ಶುರುಮಾಡಿದರೆ ಮೂಳೆಮಜ್ಜೆ ಅದನ್ನೂ ಹೊಸ ಕಣ ಮಾಡಲು ಬಳಸಿಬಿಡುತ್ತದೆ. ಇಂಜೆಕ್ಷನ್ ಬಿಟ್ಟು ದಿನಾ ಹಚ್ಚುವ ಜೆಲ್‌ಗೆ ಬಂದೆ, 50 ಮಿಲಿಗ್ರಾಂ. ಇಂಜೆಕ್ಷನ್ ಕೊಟ್ಟ ಮೊದಲ ದಿನಗಳಲ್ಲಿ ಬರುವ ದೊಡ್ಡ ಏರಿಕೆ ಜೆಲ್‌ನಲ್ಲಿ ಇರುವುದಿಲ್ಲ, ಪಿಸಿವಿಯೂ ಅಷ್ಟು ಏರುವುದಿಲ್ಲ. ಹಚ್ಚಿದ ಮೇಲೆ ಕೈ ತೊಳೆದು ಆ ಜಾಗವನ್ನು ಬಟ್ಟೆಯಿಂದ ಮುಚ್ಚಬೇಕು, ಮನೆಯ ಹೆಂಗಸರಿಗೆ ಮಕ್ಕಳಿಗೆ ತಾಗಬಾರದು.

ಇಲ್ಲಿ ತಾಳ್ಮೆ ಬೇಕು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಇವತ್ತು ಡೋಸ್ ಇಳಿಸಿದರೆ ಮುಂದಿನ ವಾರ ಪಿಸಿವಿ ಇಳಿಯುವುದಿಲ್ಲ. ನಾಲ್ಕು ತಿಂಗಳಿಗೆ ನನ್ನದು 48ಕ್ಕೆ ಬಂತು, ರಕ್ತ ತೆಗೆಸದೆಯೇ.

ಆಮೇಲೆ ಫೆರಸ್ ಆಸ್ಕಾರ್ಬೇಟ್ ಎಂಬ ಐರನ್ ಮಾತ್ರೆ, ದಿನ ಬಿಟ್ಟು ದಿನ. ಒಂದು ಮಾತ್ರೆ ತಗೊಂಡರೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿರುತ್ತದೆ, ಮರುದಿನದ ಮಾತ್ರೆ ಅಷ್ಟಾಗಿ ಹಿಡಿಯುವುದಿಲ್ಲ. ಬಿಟ್ಟು ಬಿಟ್ಟು ತಗೊಂಡರೆ ಹೊಟ್ಟೆಗೂ ಹಗುರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ನೀರಿನ ಜೊತೆ. ಕಾಫಿ ಎರಡು ಗಂಟೆ ಮುಂದಕ್ಕೆ ಹೋಯಿತು, ಅದು ನನಗೆ ಕಷ್ಟವೇ ಆಗಿತ್ತು. ಹಾಲು, ರಾಗಿ ಅಂಬಲಿ ಕೂಡ ಮಾತ್ರೆಯ ಜೊತೆ ಬೇಡ. ರಾಗಿ ಒಳ್ಳೆಯದೇ, ಆದರೆ ಅದರ ಕ್ಯಾಲ್ಸಿಯಂ, ಫೈಟೇಟ್ ಎಂಬ ಅಂಶ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅವುಗಳಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಸೊಪ್ಪಿನದ್ದಕ್ಕಿಂತ ಮಾಂಸದ ಕಬ್ಬಿಣಾಂಶ ಬೇಗ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಹಾಗಾಗಿ ನನಗೆ ಮಾತ್ರೆಯೇ ದಾರಿಯಾಯಿತು. ಆ ಅವಧಿಯಲ್ಲಿ ಎರಡು ತಿಂಗಳಿಗೊಮ್ಮೆ ಸಿಬಿಸಿ ಮಾಡಿಸಿದೆ. ಪಿಸಿವಿ 49ರ ಹತ್ತಿರ ಬಂದು ನಿಂತಿತು, ಫೆರಿಟಿನ್ ನಿಧಾನಕ್ಕೆ 46 ಆಯಿತು. ಕಾಲಿನ ಚಡಪಡಿಕೆ ಎಲ್ಲಕ್ಕಿಂತ ಮೊದಲು ಹೋಯಿತು. ಮಾತ್ರೆ ನಿಲ್ಲಿಸಿದ್ದೂ ಡಾಕ್ಟರ್ ಹೇಳಿದ ಮೇಲೆಯೇ.

ಈಗ ಪರೀಕ್ಷೆಗೆ ಒಂದೇ ಲ್ಯಾಬಿಗೆ, ಬೆಳಿಗ್ಗೆ ಒಂದೇ ಹೊತ್ತಿಗೆ ಹೋಗುತ್ತೇನೆ. ಹಿಂದಿನ ದಿನ ಚೆನ್ನಾಗಿ ನೀರು ಕುಡಿದಿರುತ್ತೇನೆ, ನೀರು ಕಡಿಮೆಯಾದರೂ ಪಿಸಿವಿ ಮೇಲೆ ತೋರಿಸುತ್ತದೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಹಾಗಾಗಿ ಮೈ ಸರಿಯಿಲ್ಲದ ವಾರ ಹೋಗುವುದಿಲ್ಲ. ಚೀಟಿಯಲ್ಲಿ ಫೆರಿಟಿನ್ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳುತ್ತೇನೆ.