ಕೆರೆ ಅಂದರೆ ಕೆರೆ ಅಂತಲೇ ಬರಬೇಕು: ಕಂಪ್ಯೂಟರ್‌ಗೆ ಕನ್ನಡ ಸರಿಯಾಗಿ ಕೇಳಿಸುವುದು ಹೇಗೆ

ನನ್ನ ಸೋದರಮಾವ ಅರಸೀಕೆರೆ ಕಡೆಯವರು, ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಬೆರಳಿನ ಗಂಟುಗಳಲ್ಲಿ ನೋವು. ಹತ್ತು ಸಾಲು ಬರೆದರೆ ಕೈ ಮಡಚಲು ಆಗುವುದಿಲ್ಲ. ಆದರೆ ಊರಿನ ಕೆರೆಯ ಬಗ್ಗೆ, ಅದರ ಏರಿ, ತೂಬು, ಕೋಡಿ, ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಗಳ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಬರೆದಿಡಬೇಕು ಅಂತ ಬಹಳ ದಿನದ ಆಸೆ. ಹೋದ ವರ್ಷ ಅವರ ಮನೆಯ ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ಮಾತಾಡಿದರೆ ತಾನೇ ಟೈಪ್ ಮಾಡುತ್ತೆ ಮಾವ ಅಂತ ಹೇಳಿ ಬಂದೆ. ವಾರ ಬಿಟ್ಟು ಹೋಗಿ ನೋಡಿದರೆ ಮಾವ ಅದನ್ನು ಮುಚ್ಚಿಟ್ಟಿದ್ದರು. ಕೆರೆ ಅಂದರೆ ಕರೆ, ಬೆಳೆ ಅಂದರೆ ಬೆಲೆ, ಅಚ್ಚುಕಟ್ಟು ಅಂದರೆ ಅಚ್ಚು ಒಂದು ಕಡೆ, ಕಟ್ಟು ಒಂದು ಕಡೆ. "ನನ್ನ ಮಾತು ಇದಕ್ಕೆ ಅರ್ಥ ಆಗಲ್ಲ ಬಿಡಪ್ಪ" ಅಂದರು.

ನಲವತ್ತು ಮಕ್ಕಳ ಕೊನೇ ಬೆಂಚಿಗೂ ಕೇಳುವ ಹಾಗೆ ಪಾಠ ಮಾಡಿದವರ ಮಾತು ಅರ್ಥವಾಗದೆ ಇರುವುದು ಹೇಗೆ? ತೊಂದರೆ ಅವರ ಮಾತಿನಲ್ಲಿ ಇರಲಿಲ್ಲ. ಅವರ ಮಾತು ಕಂಪ್ಯೂಟರ್ ತನಕ ಸರಿಯಾಗಿ ತಲುಪುತ್ತಲೇ ಇರಲಿಲ್ಲ. ನಾವಿಬ್ಬರೂ ಕೂತು ಒಂದೊಂದಾಗಿ ಸರಿಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಬದಲಾಯಿಸುವುದು ಕೊನೆಯ ಕೆಲಸ. ಮೊದಲು ಸದ್ದು, ಆಮೇಲೆ ಮಾತು.

ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ

ಸುಮಾರು ನೂರು ಪದಗಳ ಒಂದು ಪ್ಯಾರಾ ಕಾಗದದ ಮೇಲೆ ಬರೆದುಕೊಳ್ಳಿ. ಪೇಪರ್‌ನಲ್ಲಿ ಬಂದ ಸುದ್ದಿ ಬೇಡ, ನೀವು ನಿಜವಾಗಿ ಬರೆಯಲು ಹೊರಟಿರುವ ವಿಷಯದ್ದೇ ಇರಲಿ. ಅದರಲ್ಲಿ ನಿಮ್ಮ ಕೆಲಸದ ಪದಗಳಿರಲಿ, ಎರಡು ಊರಿನ ಹೆಸರಿರಲಿ, ಒಂದೆರಡು ಸಂಖ್ಯೆ ಇರಲಿ. ಅದನ್ನು ಓದಿ, ಬಂದದ್ದನ್ನು ಪ್ರಿಂಟ್ ಮಾಡಿ ಅಥವಾ ಪಕ್ಕದಲ್ಲಿ ಇಟ್ಟುಕೊಂಡು ತಪ್ಪು ಎಣಿಸಿ: ಬೇರೆ ಪದ ಬಂದದ್ದು, ಬಿಟ್ಟು ಹೋದದ್ದು, ಇಲ್ಲದ್ದು ಸೇರಿಕೊಂಡದ್ದು, ಮೂರೂ ತಪ್ಪೇ. ಆಮೇಲೆ ಏನೇ ಬದಲಾಯಿಸಿದರೂ ಅದೇ ಪ್ಯಾರಾ ಓದಿ ಮತ್ತೆ ಎಣಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೈಕ್, ಕೋಣೆ, ಸೆಟ್ಟಿಂಗ್ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಉಪಯೋಗ ಆಯಿತು ಅಂತ ಗೊತ್ತೇ ಆಗುವುದಿಲ್ಲ.

ಎಣಿಸುವಾಗ ಒಂದು ವಿಷಯ ನೆನಪಿರಲಿ. ಇಂಗ್ಲಿಷ್‌ನಲ್ಲಿ ಮೂರ್ನಾಲ್ಕು ಪದವಾಗುವುದು ಕನ್ನಡದಲ್ಲಿ ಒಂದೇ ಪದ. ಮನೆಯಲ್ಲಿದ್ದವರಿಗೆ ಅನ್ನುವುದರಲ್ಲಿ ಕೊನೆಯ 'ಗೆ' ಒಂದು ತಪ್ಪಿದರೂ ಇಡೀ ಪದ ತಪ್ಪು ಅಂತ ಲೆಕ್ಕ. ಹೋಗಬೇಕು ಅನ್ನುವುದು ಹೋಗ ಬೇಕು ಅಂತ ಒಡೆದು ಬಂದರೂ ತಪ್ಪೇ. ಹಾಗಾಗಿ ಕನ್ನಡದಲ್ಲಿ ತಪ್ಪಿನ ಎಣಿಕೆ ಯಾವಾಗಲೂ ಜಾಸ್ತಿ ಕಾಣುತ್ತೆ. ನಾವು ಎರಡು ಪಟ್ಟಿ ಮಾಡಿಕೊಂಡೆವು. ಅರ್ಥವೇ ಕೆಟ್ಟದ್ದು ಒಂದು, ಬರೀ ಪ್ರತ್ಯಯ ಅಥವಾ ಜಾಗ ಬಿಟ್ಟದ್ದು ಇನ್ನೊಂದು. ಮೊದಲನೆಯದನ್ನು ಕಡಿಮೆ ಮಾಡುವುದೇ ಗುರಿ. ಎರಡನೆಯದನ್ನು ಆಮೇಲೆ ಕೀಬೋರ್ಡ್‌ನಲ್ಲಿ ತಿದ್ದಬಹುದು.

ಮೈಕ್ ಎಲ್ಲಿದೆ, ಯಾವುದಿದೆ

ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದು ಇದರಿಂದಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ನಿಮ್ಮ ಬಾಯಿಂದ ಎರಡಡಿ ದೂರ ಇರುತ್ತೆ. ಅದೇ ಲ್ಯಾಪ್‌ಟಾಪ್‌ನ ಫ್ಯಾನು, ಕೀಬೋರ್ಡು ಮಾತ್ರ ಅದರ ಪಕ್ಕದಲ್ಲೇ ಇರುತ್ತವೆ. ದೂರ ಅರ್ಧ ಆದರೆ ನಿಮ್ಮ ದನಿ ಮೈಕ್‌ಗೆ ಸುಮಾರು 6 ಡೆಸಿಬೆಲ್ ಜಾಸ್ತಿ ಸಿಗುತ್ತೆ, ಆದರೆ ಕೋಣೆಯ ಗದ್ದಲ ಅಷ್ಟೇ ಇರುತ್ತೆ. ಎರಡಡಿಯಿಂದ ಎರಡು ಇಂಚಿಗೆ ಬಂದರೆ ಎಷ್ಟು ವ್ಯತ್ಯಾಸ ಆಗಬಹುದು ನೋಡಿ. ಕಿರುಚುವ ಅಗತ್ಯವೇ ಇಲ್ಲ. ಆದ್ದರಿಂದ ಯುಎಸ್‌ಬಿ ವೈರ್ ಇರುವ, ಬಾಯಿ ಪಕ್ಕಕ್ಕೆ ಕಡ್ಡಿ ಬರುವ ಸಾಧಾರಣ ಹೆಡ್‌ಸೆಟ್ ಒಂದು ತೆಗೆದುಕೊಳ್ಳಿ. ತುಂಬಾ ಬೆಲೆಯದ್ದು ಬೇಡ. ಮೈಕ್ ಬಾಯಿಯ ನೇರ ಎದುರಿಗೆ ಬೇಡ, ತುಟಿಯ ಮೂಲೆಯಿಂದ ಎರಡು ಬೆರಳು ಆಚೆ ಇರಲಿ. ಎದುರಿಗಿದ್ದರೆ ಪ, ಫ, ಬ, ಭ ಹೇಳಿದಾಗಲೆಲ್ಲ ಉಸಿರು ಬಡಿದು ಡಬ್ ಅನ್ನುತ್ತೆ.

ನಾವು ಮೊದಲು ಮಾಡಿದ್ದು ಬೇರೆ. ಕಾಲರ್‌ಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ತಂದೆವು. ಮೂರು ದಿನ ಅದನ್ನು ಹಾಕಿಕೊಂಡು ಮಾವ ಮಾತಾಡಿದರು, ತಪ್ಪು ಒಂದೂ ಕಡಿಮೆ ಆಗಲಿಲ್ಲ. ನಾಲ್ಕನೇ ದಿನ ಗೊತ್ತಾಯಿತು, ಆ ಮೈಕ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಅದರ ಪಿನ್ ಮೇಲೆ ಎರಡು ಕಪ್ಪು ಗೆರೆ ಇದ್ದವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನ್, ಮೈಕ್ ಎರಡಕ್ಕೂ ಸೇರಿ ಒಂದೇ ತೂತು ಇರುತ್ತೆ, ಅದಕ್ಕೆ ಮೂರು ಗೆರೆಯ ಪಿನ್ನೇ ಬೇಕು. ಲ್ಯಾಪ್‌ಟಾಪ್ ನಮ್ಮ ಪಿನ್ನನ್ನು ಬರೀ ಹೆಡ್‌ಫೋನ್ ಅಂದುಕೊಂಡು ತನ್ನ ಒಳಗಿನ ಮೈಕ್‌ನಿಂದಲೇ ಕೇಳುತ್ತಿತ್ತು. ಪಾಪ ಮಾವ ಮಾತ್ರ ಕಾಲರ್ ಕಡೆ ಬಾಗಿ ಮಾತಾಡುತ್ತಿದ್ದರು.

ಇದನ್ನು ಕಂಡುಹಿಡಿಯುವುದು ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋಗಿ. ಇನ್‌ಪುಟ್ ಅನ್ನುವ ಕಡೆ ಯಾವ ಮೈಕ್ ಆಯ್ಕೆ ಆಗಿದೆ ನೋಡಿ, ಅದರ ಹತ್ತಿರವೇ ಸದ್ದಿಗೆ ಕುಣಿಯುವ ಪಟ್ಟಿ ಇರುತ್ತೆ. ಮಾತಾಡಬೇಡಿ, ಮೈಕ್ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪಟ್ಟಿ ಜೋರಾಗಿ ಕುಣಿದರೆ ಅದೇ ಮೈಕ್. ಲ್ಯಾಪ್‌ಟಾಪ್ ಮೇಲೆ ಕೆರೆದಾಗ ಕುಣಿದರೆ ಒಳಗಿನ ಮೈಕ್. ಇಷ್ಟಕ್ಕೇ ನಿಲ್ಲಿಸಬೇಡಿ, ಡಾಕ್ಸ್ ತೆರೆಯುವ ಕ್ರೋಮ್ ಬ್ರೌಸರ್ ತನ್ನದೇ ಆಯ್ಕೆ ಇಟ್ಟುಕೊಂಡಿರುತ್ತೆ. ಅದರ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ಮೈಕ್ರೋಫೋನ್ ಅಂತ ಹೋದರೆ ಮೇಲ್ಗಡೆ ಒಂದು ಪಟ್ಟಿ ಇದೆ, ಅಲ್ಲೂ ಅದೇ ಮೈಕ್ ಆರಿಸಿ.

ದನಿಯ ಮಟ್ಟವನ್ನೂ ಅಲ್ಲೇ ನೋಡಿಕೊಳ್ಳಿ. ಸಾಮಾನ್ಯವಾಗಿ ಮಾತಾಡುವಾಗ ಪಟ್ಟಿ ಅರ್ಧ ದಾಟಿ ಮುಕ್ಕಾಲಿನ ತನಕ ಬಂದರೆ ಸಾಕು. ತುದಿ ಮುಟ್ಟುತ್ತಾ ಇದ್ದರೆ ದನಿ ಒಡೆಯುತ್ತೆ, ಅದನ್ನು ಯಾವ ಸಾಫ್ಟ್‌ವೇರೂ ಸರಿಮಾಡಲಾರದು.

ಬ್ಲೂಟೂತ್ ಹೆಡ್‌ಸೆಟ್ ಇದೆಯಲ್ಲ, ಅದೇ ಸಾಲದಾ ಅಂತ ಕೇಳುವವರು ಜಾಸ್ತಿ. ಹಾಡು ಕೇಳುವಾಗ ಅದು ಚೆನ್ನಾಗಿಯೇ ಇರುತ್ತೆ. ಆದರೆ ಮೈಕ್ ಶುರುವಾದ ಕೂಡಲೇ ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ಗಳು ಫೋನ್ ಕರೆಯ ಮಟ್ಟಕ್ಕೆ ಇಳಿದುಬಿಡುತ್ತವೆ. ಹಳೆಯ ರೀತಿಯಲ್ಲಿ ದನಿಯ ಅಳತೆಗಳು (ಸ್ಯಾಂಪಲ್) ಸೆಕೆಂಡಿಗೆ 8,000 ಮಾತ್ರ ಹೋಗುತ್ತವೆ, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಪೂರ್ತಿ ಮಾಯ. ಸ, ಫ ಇಂಥ ಸದ್ದುಗಳ ಗುರುತು ಹೆಚ್ಚಾಗಿ ಇರುವುದೇ ಅಲ್ಲಿ. ಹೊಸ ಹೆಡ್‌ಸೆಟ್‌ಗಳಲ್ಲಿ 16,000 ಸಿಗುತ್ತೆ, ಪರವಾಗಿಲ್ಲ. ಆದರೂ ವೈರ್ ಇದ್ದರೆ ಯೋಚನೆಯೇ ಬೇಡ.

ಕೋಣೆ

ಒಂದು ಸಲ ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಅಂತ ಉಳಿದರೆ ಆ ಕೋಣೆ ಬೇಡ. ಗ್ರಾನೈಟ್ ನೆಲ, ಬರಿಗೋಡೆ ಇರುವ ಹಾಲ್‌ನಲ್ಲಿ ನಿಮ್ಮ ಮಾತು ಗೋಡೆಗೆ ಬಡಿದು ಮತ್ತೆ ಮೈಕ್‌ಗೆ ಬರುತ್ತೆ, ಒಂದು ಅಕ್ಷರದ ಬಾಲ ಇನ್ನೊಂದರ ಮೇಲೆ ಬೀಳುತ್ತೆ. ಹಾಸಿಗೆ, ದಿಂಬು, ಪರದೆ ಇರುವ ಮಲಗುವ ಕೋಣೆ ಒಳ್ಳೆಯದು. ಫ್ಯಾನ್ ಆರಿಸಿ, ಇಲ್ಲವೇ ನಿಧಾನಕ್ಕೆ ಇಡಿ. ಟಿವಿ ಮಾತ್ರ ಖಂಡಿತ ಬೇಡ. ಮಿಕ್ಸಿ, ಕುಕ್ಕರ್ ಸದ್ದು ಸ್ವಲ್ಪ ಹೊತ್ತು ಇದ್ದು ನಿಲ್ಲುತ್ತೆ, ಟಿವಿಯಲ್ಲಿ ಬರುವುದು ಇನ್ನೊಬ್ಬರ ಮಾತು, ಕಂಪ್ಯೂಟರ್ ಅದನ್ನೂ ಬರೆದುಕೊಳ್ಳುತ್ತೆ.

ಮಾತಾಡುವ ರೀತಿ

ಮಾವ ಒಂದೊಂದೇ ಪದ ಬಿಡಿಸಿ, ಡಿಕ್ಟೇಷನ್ ಕೊಟ್ಟ ಹಾಗೆ ಹೇಳುತ್ತಿದ್ದರು. ತುಂಬಾ ಜನ ಹೀಗೇ ಮಾಡುತ್ತಾರೆ. 1990ರ ಹೊತ್ತಿನ ಸಾಫ್ಟ್‌ವೇರ್‌ಗಳಿಗೆ ಹಾಗೇ ಹೇಳಬೇಕಿತ್ತು. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಬಂದಾಗ ಇಂಗ್ಲಿಷ್‌ನಲ್ಲಿ ತಡೆಯಿಲ್ಲದೆ ಮಾತಾಡಬಹುದು ಅಂತಾಯಿತು. ಈಗಿನವಂತೂ ಅಕ್ಕಪಕ್ಕದ ಪದ ನೋಡಿಯೇ ನಡುವಿನದ್ದನ್ನು ಊಹಿಸುತ್ತವೆ. ಬರೀ "ಕೆರೆ" ಅಂದು ನಿಲ್ಲಿಸಿದರೆ ಅದು ಕೆರೆಯೋ ಕರೆಯೋ ಅಂತ ತಿಳಿಯಲು ಅದಕ್ಕೆ ಏನೂ ಇಲ್ಲ. "ಮಳೆ ಬಂದು ಕೆರೆ ತುಂಬಿತು" ಅಂತ ಒಂದೇ ಉಸಿರಿಗೆ ಹೇಳಿದರೆ ಮಳೆಯೂ ತುಂಬಿತು ಅನ್ನುವುದೂ ಸೇರಿ ಕೆರೆಯನ್ನು ಹಿಡಿದುಕೊಡುತ್ತವೆ. ಹಾಗಾಗಿ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳಿ, ಆಮೇಲೆ ಪಕ್ಕದಲ್ಲಿ ಕೂತವರಿಗೆ ಹೇಳುವ ವೇಗದಲ್ಲಿ ಹೇಳಿ. ಯೋಚನೆ ಮಾಡಬೇಕಾದರೆ ವಾಕ್ಯಗಳ ನಡುವೆ ನಿಲ್ಲಿಸಿ, ಪದಗಳ ನಡುವೆ ಬೇಡ.

ಕನ್ನಡದಲ್ಲಿ ಗಮನ ಕೊಡಬೇಕಾದ ಜಾಗ ಮೂರು. ಒಂದು, ಹ್ರಸ್ವ ದೀರ್ಘ. ಎರಡು, ಒತ್ತಕ್ಷರ: ಕತೆ, ಕತ್ತೆ ನಡುವೆ ಇರುವುದು ಒಂದು ಕ್ಷಣದ ತಡೆ ಅಷ್ಟೇ, ಅವಸರದಲ್ಲಿ ಅದೇ ಹೋಗಿಬಿಡುತ್ತೆ. ಮೂರು, ಲ ಮತ್ತು ಳ. ಹಲ್ಲಿ ಹಳ್ಳಿ, ಕಾಲು ಕಾಳು, ಹುಲಿ ಹುಳಿ, ಬೆಲೆ ಬೆಳೆ. ಳ ಹೇಳುವಾಗ ನಾಲಿಗೆ ಮೇಲಕ್ಕೆ ಮಡಚಬೇಕು. ಮಾವನಿಗೆ ಇದು ಸಲೀಸು, ಬೆಂಗಳೂರಿನಲ್ಲಿ ಬೆಳೆದ ನನಗೇ ಕಷ್ಟ ಆಯಿತು. ಹಳೇ ಮೈಸೂರು ಕಡೆ ಮನೆಮಾತಿನಲ್ಲಿ ಹ ಬಿಟ್ಟುಹೋಗುವುದೂ ಉಂಟು, ಹಾಲು ಆಲು ಆಗುತ್ತೆ. ಬರೆಸುವಾಗ ಮಾತ್ರ ಆ ಹ ಅನ್ನು ಮರೆಯದೆ ಹೇಳಿ.

ಇನ್ನೊಂದು, ಏನು ಬರೆದು ಬರಬೇಕೋ ಅದನ್ನೇ ಹೇಳಿ. ಹೋಗುತ್ತಿದ್ದೇನೆ ಅಂತ ಬೇಕಿದ್ದರೆ ಹೋಗ್ತಿದೀನಿ ಅಂದು ಅದು ತಿದ್ದಿಕೊಡಲಿ ಅಂತ ಕಾಯಬೇಡಿ. ಧಾರವಾಡದ, ಕುಂದಾಪುರದ ಮಾತನ್ನು ಹಾಗೇ ಬರೆಸಬೇಕು ಅಂದರೆ ಈಗ ಕಷ್ಟ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳ ಧ್ವನಿಯನ್ನು, ಅದರಲ್ಲೂ ಬೇಸಾಯ ಮತ್ತು ಹಣಕಾಸಿನ ಮಾತನ್ನು ಸಂಗ್ರಹಿಸಿದ್ದಾರೆ. ನಮ್ಮ ಮನೆಮಾತು ಮುಂದೆ ಹಾಗೇ ಬರೆದು ಬರಬೇಕಾದರೆ ಇಂಥ ಕೆಲಸ ಇನ್ನೂ ತುಂಬಾ ಆಗಬೇಕು.

ಡಾಕ್ಸ್‌ನಲ್ಲಿ

ಕ್ರೋಮ್‌ನಲ್ಲಿ ಡಾಕ್ಸ್ ತೆರೆದು ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಅಥವಾ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ. ಮೈಕ್ ಚಿತ್ರದ ಮೇಲಿರುವ ಪಟ್ಟಿಯಲ್ಲಿ ಕನ್ನಡ ಆರಿಸಿ. ಇಂಗ್ಲಿಷ್‌ನಲ್ಲಿ ಏನಾದರೂ ಬರೆಸುವುದಿದ್ದರೆ ಅಮೆರಿಕದ ಇಂಗ್ಲಿಷ್ ಬಿಟ್ಟು ಭಾರತದ ಇಂಗ್ಲಿಷ್ ಆರಿಸಿ, ನಮ್ಮ ಉಚ್ಚಾರಕ್ಕೆ ಅದೇ ಹತ್ತಿರ. ಧ್ವನಿ ನೆಟ್ ಮೂಲಕ ಹೋಗಿ ಬರುವುದರಿಂದ ವೈಫೈ ಕುಂಟಿದರೆ ಪದಗಳು ನುಂಗಿಹೋಗುತ್ತವೆ. ಬ್ಯಾಂಕ್ ವಿವರದಂಥದ್ದನ್ನು ಹೀಗೆ ಬರೆಸದೆ ಇರುವುದೇ ಕ್ಷೇಮ.

ಪೂರ್ಣವಿರಾಮ, ಅಲ್ಪವಿರಾಮಗಳನ್ನು ಕನ್ನಡದಲ್ಲಿ ಬಾಯಲ್ಲಿ ಹೇಳಿ ಹಾಕಿಸಲು ಆಗುವುದಿಲ್ಲ. ಕೀಬೋರ್ಡ್‌ನಲ್ಲೇ ಹಾಕಬೇಕು. ಮಾವ ವಾಕ್ಯ ಮುಗಿದ ಕೂಡಲೇ ಒಂದು ಬೆರಳಿನಿಂದ ಚುಕ್ಕಿ ಒತ್ತುತ್ತಾರೆ, ಉಳಿದದ್ದೆಲ್ಲ ಆಮೇಲೆ. ಬೇರೆ ಟ್ಯಾಬ್‌ಗೆ ಹೋದರೆ ಮೈಕ್ ನಿಂತುಬಿಡುತ್ತೆ, ಸುಮ್ನೆ ಇದ್ದರೂ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಚಿತ್ರ ಕೆಂಪಗಿದೆಯಾ ಅಂತ ಆಗಾಗ ನೋಡಿ. ಇಲ್ಲದಿದ್ದರೆ ಅರ್ಧ ಪುಟ ಗಾಳಿಗೆ ಹೋಗುತ್ತೆ.

ಮಾತಾಡುತ್ತಾ ತಿದ್ದಬೇಡಿ. ತಪ್ಪು ಕಂಡ ತಕ್ಷಣ ನಿಲ್ಲಿಸಿದರೆ ಮುಂದಿನ ವಾಕ್ಯವೂ ಮುರಿಯುತ್ತೆ. ಹತ್ತು ನಿಮಿಷ ಹೇಳಿ, ಆಮೇಲೆ ಹತ್ತು ನಿಮಿಷ ತಿದ್ದಿ. ಪದೇಪದೇ ತಪ್ಪಾಗುವ ಪದಗಳ ಪಟ್ಟಿ ಇಟ್ಟುಕೊಂಡು ಕಂಟ್ರೋಲ್ ಮತ್ತು ಎಚ್ ಒತ್ತಿ ಒಟ್ಟಿಗೆ ಬದಲಾಯಿಸಬಹುದು. ಅಚ್ಚು ಕಟ್ಟು ಎಲ್ಲವನ್ನೂ ಅಚ್ಚುಕಟ್ಟು ಮಾಡುವುದು ಒಂದೇ ಸಲದ ಕೆಲಸ. ಆದರೆ ಬೆಲೆಯನ್ನು ಬೆಳೆ ಮಾಡುವಾಗ ಹಾಗೆ ಮಾಡಬೇಡಿ, ನಿಜವಾದ ಬೆಲೆಯೂ ಎಲ್ಲೋ ಇರುತ್ತೆ ಅಲ್ವಾ, ಅದನ್ನು ಒಂದೊಂದೇ ನೋಡಿ ಬದಲಾಯಿಸಿ.

ಮೊದಲೇ ರೆಕಾರ್ಡ್ ಮಾಡಿಟ್ಟ ಮಾತು ಇದ್ದರೆ, ಅದನ್ನು ಬರಹಕ್ಕೆ ಇಳಿಸಲು ವಿಸ್ಪರ್ ಅನ್ನುವ ಉಚಿತ ತಂತ್ರಾಂಶ ಇದೆ. ಓಪನ್ ಎಐ 2022ರಲ್ಲಿ ಬಿಟ್ಟದ್ದು, ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತೆ, ನೆಟ್ ಬೇಡ. ಅದರಲ್ಲಿ ಸಣ್ಣ, ದೊಡ್ಡ ಮಾದರಿಗಳು (ಮಾಡೆಲ್) ಇವೆ; ಕನ್ನಡದಲ್ಲಿ ಸಣ್ಣವುಗಳಿಂದ ಏನೂ ಉಪಯೋಗ ಇಲ್ಲ, ದೊಡ್ಡದನ್ನೇ ಹಾಕಬೇಕು, ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಭಾಷೆ ಕನ್ನಡ ಅಂತ ನೀವೇ ಹೇಳಿಬಿಡಿ, ಅದರ ಊಹೆಗೆ ಬಿಡಬೇಡಿ. ಉದ್ದದ ಮೌನ ಇದ್ದರೆ ಕತ್ತರಿಸಿ ಕೊಡಿ, ಏನೂ ಇಲ್ಲದ ಕಡೆ ಹೇಳದ ವಾಕ್ಯವನ್ನೇ ಸೇರಿಸಿಬಿಡುತ್ತೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದವರು ಭಾರತದ ಭಾಷೆಗಳಿಗೇ ಅಂತ ಮಾಡಿದ ಮಾದರಿಗಳೂ ಉಚಿತವಾಗಿ ಸಿಗುತ್ತವೆ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರುವವರು ಮನೆಯಲ್ಲಿದ್ದರೆ ಅವನ್ನೂ ನೋಡಿ.

ಕೊನೆಗೆ ಒಂದು ಕೆಲಸ ತಪ್ಪದೆ ಮಾಡಿ. ಕಂಪ್ಯೂಟರ್‌ಗೆ ಬರೆಸುವಾಗ ಪಕ್ಕದಲ್ಲಿ ಫೋನ್ ಇಟ್ಟು ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಮೊನ್ನೆ ಮಾವನ ಬರಹ ತಿದ್ದುವಾಗ "ಕೊಡಿ ಬಿದ್ದ ದಿನ ಊರಿಗೆಲ್ಲ ಹಬ್ಬ" ಅಂತ ಇತ್ತು. ನನಗೆ ತಲೆಬುಡ ತಿಳಿಯಲಿಲ್ಲ. ರೆಕಾರ್ಡಿಂಗ್ ಹಾಕಿ ಕೇಳಿದೆ. ಕೆರೆ ತುಂಬಿ ಕೋಡಿ ಬಿದ್ದ ದಿನ, ಊರಿಗೆಲ್ಲ ಹಬ್ಬ.