ವರ್ಡ್‌ಪರ್ಫೆಕ್ಟ್ 5.1: ಎರಡು ಫೈಲ್ ನಡುವೆ ಪ್ಯಾರಾ ಸಾಗಿಸೋಕೆ ಒಂದು ಮ್ಯಾಕ್ರೋ

1989ರಲ್ಲಿ ಬಂದ ಡಾಸ್ (ಹಳೇ ಪಿಸಿಗಳ ಆಪರೇಟಿಂಗ್ ಸಿಸ್ಟಮ್) ಕಾಲದ ಬರವಣಿಗೆ ಸಾಫ್ಟ್‌ವೇರ್ ವರ್ಡ್‌ಪರ್ಫೆಕ್ಟ್ 5.1ರಲ್ಲಿ ಇವತ್ತಿಗೂ ಬರೆಯೋರು ಇದ್ದಾರೆ, ನಾನೂ ಬರೀತೀನಿ. ಅದ್ರಲ್ಲಿ ಒಂದೇ ಸಲಕ್ಕೆ ಎರಡು ಡಾಕ್ಯುಮೆಂಟ್ ತೆಗೆದಿಡಬಹುದು, ಮೂರನೇದಕ್ಕೆ ಜಾಗ ಇಲ್ಲ. ಶಿಫ್ಟ್ ಹಿಡಿದು ಎಫ್3 ಒತ್ತಿದ್ರೆ ಒಂದರಿಂದ ಇನ್ನೊಂದಕ್ಕೆ ಹೋಗತ್ತೆ, ಈಗ ಯಾವುದ್ರಲ್ಲಿದ್ದೀರ ಅಂತ ಸ್ಕ್ರೀನಿನ ಕೆಳಗೆ ಬಲಗಡೆ ಡಾಕ್ 1 ಇಲ್ಲಾ ಡಾಕ್ 2 ಅಂತ ಕಾಣ್ಸತ್ತೆ.

ಬರೀ ಅಷ್ಟಕ್ಕೇ ಆದ್ರೆ ಮ್ಯಾಕ್ರೋ (ಒತ್ತಿದ ಕೀಗಳನ್ನ ರೆಕಾರ್ಡ್ ಮಾಡಿಟ್ಟು ಒಂದೇ ಸಲಕ್ಕೆ ಮತ್ತೆ ಓಡಿಸೋದು) ಬೇಕಾಗಿಲ್ಲ. ಆದ್ರೆ ಟಿಪ್ಪಣಿ ಫೈಲಿಂದ ಪ್ಯಾರಾ ಎತ್ತಿ ಲೇಖನದ ಕೊನೆಗೆ ಹಾಕಿ ವಾಪಸ್ ಬರೋಕೆ ಪ್ರತಿ ಸಲ ಒಂಬತ್ತು ಹೆಜ್ಜೆ, ನಲವತ್ತು ಪ್ಯಾರಾ ಇದ್ರೆ ಕೈ ಸೋತು ಹೋಗತ್ತೆ.

ಟಿಪ್ಪಣಿ ಡಾಕ್ 1ರಲ್ಲಿ, ಲೇಖನ ಡಾಕ್ 2ರಲ್ಲಿ ಇರ್ಲಿ. ಕರ್ಸರನ್ನ ಬೇಕಾದ ಪ್ಯಾರಾದೊಳಗೆ ಇಟ್ಟು ಕಂಟ್ರೋಲ್ ಎಫ್10 ಒತ್ತಿ, ಹೆಸರು ಕೇಳಿದಾಗ ಆಲ್ಟ್ ಮತ್ತು ಪಿ ಒತ್ತಿ, ವಿವರಣೆ ಕೇಳತ್ತೆ, ಏನೋ ನಾಲ್ಕಕ್ಷರ ಬರೆದು ಎಂಟರ್. ಇನ್ಮೇಲೆ ಒತ್ತಿದ್ದೆಲ್ಲಾ ರೆಕಾರ್ಡ್ ಆಗತ್ತೆ, ಜೊತೆಗೆ ನಿಜವಾಗ್ಲೂ ನಡೆಯತ್ತೆ ಕೂಡ, ಹಾಗಾಗಿ ನಿಧಾನಕ್ಕೆ ಒತ್ತಿ: ಕಂಟ್ರೋಲ್ ಎಫ್4, ಪ್ಯಾರಾಗೆ 2, ಕಾಪಿಗೆ ಮತ್ತೆ 2, ಶಿಫ್ಟ್ ಎಫ್3, ಹೋಮ್, ಹೋಮ್, ಕೆಳಗಿನ ಬಾಣ, ಎಂಟರ್, ಕೊನೆಗೆ ಶಿಫ್ಟ್ ಎಫ್3. ಮತ್ತೆ ಕಂಟ್ರೋಲ್ ಎಫ್10 ಒತ್ತಿದ್ರೆ ಮುಗೀತು. ಆ ಎರಡು ಹೋಮ್ ಮತ್ತು ಬಾಣ ಬಿಡ್ಬೇಡಿ, ಅದಿದ್ರೇನೇ ಪ್ಯಾರಾ ಲೇಖನದ ಕೊನೆಗೆ ಹೋಗಿ ಕೂರೋದು, ಇಲ್ಲಾಂದ್ರೆ ಕರ್ಸರ್ ಎಲ್ಲಿತ್ತೋ ಅಲ್ಲೇ ತೂರಿಕೊಳ್ಳತ್ತೆ.

ಈಗ ಮುಂದಿನ ಪ್ಯಾರಾಗೆ ಹೋಗಿ ಆಲ್ಟ್ ಪಿ ಒತ್ತಿ ನೋಡಿ, ಕಣ್ಣು ಮಿಟುಕಿಸೋದ್ರೊಳಗೆ ಆಗಿರತ್ತೆ.

ಒಂದು ಎಚ್ಚರಿಕೆ, ನಾನೇ ಇದ್ರಲ್ಲಿ ಸಿಕ್ಕಿಬಿದ್ದಿದ್ದೆ: ಬ್ಲಾಕ್ ಆನ್ ಇದ್ದಾಗ, ಅಂದ್ರೆ ಬರಹದ ಒಂದು ಭಾಗ ಗುರುತು ಮಾಡಿಕೊಂಡಿದ್ದಾಗ, ಶಿಫ್ಟ್ ಎಫ್3 ಒತ್ತಿದ್ರೆ ಡಾಕ್ಯುಮೆಂಟ್ ಬದಲಾಗಲ್ಲ, ಆ ಕೀಗೆ ಆಗ ಬೇರೆ ಕೆಲಸ, ಇಂಗ್ಲಿಷ್ ಅಕ್ಷರ ದೊಡ್ಡದು ಮಾಡೋದಾ ಚಿಕ್ಕದು ಮಾಡೋದಾ ಅಂತ ಕೇಳತ್ತೆ. ಅದಕ್ಕೇ ಮೇಲಿನ ಮ್ಯಾಕ್ರೋದಲ್ಲಿ ಬ್ಲಾಕ್ ಸಹವಾಸಕ್ಕೇ ಹೋಗಿಲ್ಲ.

ಇವತ್ತಿನ ಕಂಪ್ಯೂಟರಲ್ಲಿ ಡಾಸ್ ಪ್ರೋಗ್ರಾಂ ನಡೆಸೋ ಡಾಸ್‌ಬಾಕ್ಸ್‌ನಲ್ಲಿ ಓಡಿಸ್ತಿದ್ರೆ ಕಂಟ್ರೋಲ್ ಎಫ್10 ಮತ್ತು ಕಂಟ್ರೋಲ್ ಎಫ್4 ಎರಡನ್ನೂ ಡಾಸ್‌ಬಾಕ್ಸೇ ತನ್ನ ಕೆಲಸಕ್ಕೆ ಇಟ್ಕೊಂಡಿರತ್ತೆ, ಒಂದು ಮೌಸ್ ಹಿಡಿಯೋಕೆ ಬಿಡೋಕೆ, ಇನ್ನೊಂದು ಡಿಸ್ಕ್ ಬದಲಿಸೋಕೆ. ಮೊದಲು ಕಂಟ್ರೋಲ್ ಎಫ್1 ಒತ್ತಿ ಕೀಗಳ ಕೆಲಸ ಬದಲಿಸೋ ಕೀಮ್ಯಾಪರ್ ತೆಗೆದು ಆ ಎರಡನ್ನೂ ಬೇರೆ ಕೀಗೆ ಹಾಕಿ ಸೇವ್ ಮಾಡಿ, ಆಮೇಲೆ ಮ್ಯಾಕ್ರೋಗೆ ಕೈ ಹಾಕಿ.